ಉಣ್ಣುವ ಬ್ಯಾಟರಿ

ತೊಂಬತ್ತರ ದಶಕದಲ್ಲಿ ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯ ನಮ್ಮೂರಲ್ಲಿ ಕರೆಂಟು ಸಂಜೆಯಾದರೆ ಕೈಕೊಡುತ್ತಿತ್ತು. ಹಾಗಾಗಿ ಊರಿನ ಆಸ್ಪತ್ರೆಯ ಹೆರಿಗೆ ಕೋಣೆಗೆ ಸೋಲಾರ್ ದೀಪ ಹಾಕಿದ್ದರು. ಹಗಲೆಲ್ಲ ಬಿಸಿಲಿನಿಂದ ಬ್ಯಾಟರಿ ತುಂಬಬೇಕು, ಕತ್ತಲಾದ ಮೇಲೆ ದೀಪ. ಯಾರಾದರೂ ಬ್ಯಾಟರಿಯ ಹತ್ತಿರ ಸುಳಿದರೆ ನಮ್ಮ ನರ್ಸಮ್ಮ ಸೆರಗು ಸೊಂಟಕ್ಕೆ ಸಿಗಿಸಿ, "ಅದು ಉಣ್ಣಾಕತ್ತೈತಿ. ಉಣ್ಣೋರ್ನ ಎಬ್ಬಿಸಬಾರದು" ಎಂದು ಗದರುತ್ತಿದ್ದರು.

ಚುನಾವಣೆ ಬಂತು. ನರ್ಸಮ್ಮ ಲಸಿಕೆ ಹಾಕಲು ಪಕ್ಕದೂರಿಗೆ ಹೋಗಿದ್ದಾಗ ಊರ ಗೌಡರ ಆಳುಗಳು ಆ ಬ್ಯಾಟರಿಯನ್ನು ಪ್ರಚಾರದ ಮೈಕಿಗೆ ಹೊತ್ತೊಯ್ದರು. ಮನೆಮನೆಗೆ ಬೆಳಕು ಕೊಡುತ್ತೇವೆಂದು ಊರೂರು ಅರಚಿ, ಹೊತ್ತು ಮುಳುಗಿದ ಮೇಲೆ ತಂದಿಟ್ಟರು. ನೆನೆದರೆ ಈಗಲೂ ಮೈ ಉರಿಯುತ್ತದೆ. ಅದೇ ರಾತ್ರಿ ಕೂಲಿಯ ಹೆಣ್ಣುಮಗಳೊಬ್ಬಳು ಹೆರಿಗೆ ನೋವಿನಲ್ಲಿ ನನ್ನ ಎತ್ತಿನ ಬಂಡಿಯಲ್ಲಿ ಬಂದಾಗ ಕೋಣೆಯಲ್ಲಿ ದೀಪ ಹತ್ತಲಿಲ್ಲ.

ಅಷ್ಟರಲ್ಲಿ ಪಕ್ಕದೂರಿಂದ ಮರಳಿದ್ದ ನರ್ಸಮ್ಮ ಅವಳನ್ನು ಮತ್ತೆ ನನ್ನ ಬಂಡಿಗೆ ಹತ್ತಿಸಿ, ಸೀದಾ ಗೌಡರ ಮನೆಗೆ ಹೊಡೆಯಲು ಹೇಳಿದರು. ಕೂಲಿಯವರನ್ನು ಮೆಟ್ಟಿಲು ಹತ್ತಗೊಡದ ಮನೆ ಅದು. ಪಡಸಾಲೆಯಲ್ಲಿ ಪೆಟ್ರೋಮ್ಯಾಕ್ಸ್ ಉರಿಯುತ್ತಿತ್ತು. ಗೌಡರು ಊಟಕ್ಕೆ ಕುಳಿತಿದ್ದರು. ಹೆರಿಗೆ ಕೋಣೆಯಲ್ಲಿ ದೀಪ ಹತ್ತುತ್ತಿಲ್ಲವೆಂದು ನರ್ಸಮ್ಮ ಬಾಗಿಲಿಂದಲೇ ಕೂಗಿ ಹೇಳಿದರು.

"ಹಗಲೊತ್ತು ನಿಮಗ್ಯಾಕ ಬೇಕಿತ್ತು ದೀಪ? ಕತ್ಲಾಗೂದ್ರಾಗ ವಾಪಸ್ ತಂದಿಟ್ಟೀವಲ್ಲ!" ಎಂದರು ಗೌಡರು, ಎಳ್ಳಷ್ಟೂ ನಾಚಿಕೆಯಿಲ್ಲದೆ.

ಗರ್ಭಿಣಿಯ ತೋಳು ಹಿಡಿದುಕೊಂಡೇ ನರ್ಸಮ್ಮ ಮೆಟ್ಟಿಲು ಹತ್ತಿ ಒಳಗೆ ಹೋದರು.

"ಅದು ಉಣ್ಣಾಕತ್ತಾಗ ನೀವು ಎಬ್ಬಿಸಿದ್ರಿ. ಈಗ ನೀವು ಏಳ್ರಿ, ಗೌಡ್ರ. ಹೆರಿಗಿ ಇಲ್ಲೇ ಆಗ್ತೈತಿ."

ಗೌಡರು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಹಾಕಿ, ತೊಳೆಯದ ಕೈಯಲ್ಲೇ ಹೊರಗಿನ ಕತ್ತಲಿಗೆ ನಡೆದರು.