ಬಿಳಿ ಕಲ್ಲಿನ ಮೇಲೆ ನಾನಿಟ್ಟ ಕಾವಲಿ

ನಮ್ಮ ಅಡುಗೆಕಟ್ಟೆಯ ಬಿಳಿ ಕಲ್ಲನ್ನು ಸುಟ್ಟವನು ನಾನು. ನನ್ನ ಹೆಂಡತಿ ಸುಮಿತ್ರಾ ಅಲ್ಲ. ಅವಳೇ ಸುಟ್ಟಳೆಂದು ಮನೆಗೆ ಬಂದುಹೋಗುವವರೆಲ್ಲ ನಂಬಿದ್ದರು. ಅದಿರಲಿ — ಅವಳೂ ನಂಬಿದ್ದಳು.

ನಾನು ಶಿಕಾರಿಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಅಡುಗೆಮನೆ ಹೊಸದು ಮಾಡಿಸುವಾಗ ಕಲ್ಲಿನ ಅಂಗಡಿಯಲ್ಲೇ ನಮ್ಮಿಬ್ಬರಿಗೆ ಜಟಾಪಟಿಯಾಯಿತು. ಸುಮಿತ್ರಾ ಕರಿ ಗ್ರಾನೈಟಿನ ಮೇಲೆ ಅಂಗೈ ಊರಿ, "ಇದೇ ಇರ್ಲಿ ರೀ. ಭೂಮಿಯಿಂದ ತೆಗೆದಿದ್ದು. ಬಿಸಿ ಪಾತ್ರೆ ಇಟ್ರೂ ತಡ್ಕೊಳ್ತದೆ" ಎಂದಳು. ನನ್ನ ಕಣ್ಣು ಬಿಳಿ ಕ್ವಾರ್ಟ್ಜಿನ ಮೇಲಿತ್ತು. ಕಲ್ಲಿನ ಪುಡಿಗೆ ಅಂಟು ಬೆರೆಸಿ ಕಾರ್ಖಾನೆಯಲ್ಲಿ ಒತ್ತಿ ಮಾಡಿದ ಹಲಗೆ — ಮನುಷ್ಯ ಮಾಡಿದ ಕಲ್ಲು! ಒಂದು ತುಂಡನ್ನು ಮನೆಗೆ ತಂದು ನಿಂಬೆಹಣ್ಣು ಹಿಂಡಿದೆ, ಅರಿಸಿನ ಮೆತ್ತಿದೆ, ಎಣ್ಣೆ ಸುರಿದೆ. ಒರೆಸಿದರೆ ಎಲ್ಲ ಹೋಯಿತು. "ಬಿಸಿ ಪಾತ್ರೆ ಮಾತ್ರ ನೇರ ಇಡಬ್ಯಾಡ್ರಿ ಸರ್" ಎಂದು ಅಂಗಡಿಯವನು ಎಚ್ಚರಿಸಿದ್ದ. ಆದರೂ ನನ್ನ ಹಟವೇ ಗೆದ್ದಿತು.

ಆದರೆ ಎಷ್ಟು ಬಿಸಿ ತಾಳೀತು? ಆ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಸುಮಿತ್ರಾ ಸೊರಬದಲ್ಲಿರುವ ತಂಗಿ ಲಲಿತಾಳ ಮನೆಗೆ ಹೋಗಿದ್ದಾಗ ಒಂದು ಬೆಳಿಗ್ಗೆ ನಾನೇ ದೋಸೆ ಹುಯ್ದುಕೊಂಡೆ. ಆಮೇಲೆ ಕಬ್ಬಿಣದ ಕಾವಲಿಯನ್ನು ಹೊಗೆಯಾಡುವವರೆಗೆ ಕಾಯಿಸಿ — ಹೌದು, ಬೇಕೆಂದೇ ಕಾಯಿಸಿ — ಒಲೆಯ ಪಕ್ಕದ ಕಲ್ಲಿನ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ ಸುಟ್ಟಂಥ ವಾಸನೆ ಬಂತು. ಎತ್ತಿದರೆ ದುಂಡನೆಯ ಕಂದು ಕಲೆ. ಓ, ಸುಟ್ಟದ್ದು ಕಲ್ಲಲ್ಲ, ಅಂಟು! ಹೇಳಲು ನಾಚಿಕೆ — ಮೊದಲು ನನಗೆ ಖುಷಿಯೇ ಆಯಿತು. ಎಷ್ಟು ಉಜ್ಜಿದರೂ ಕಲೆ ಹೋಗದಿದ್ದಾಗ ಹೆದರಿಕೆಯಾಯಿತು.

ಸುಮಿತ್ರಾ ಸೊರಬದಿಂದ ಬಂದವಳೇ, "ಇದೇನ್ರೀ ಇದು?" ಎಂದಳು.

"ಹೊರಡೋ ಗಡಿಬಿಡೀಲಿ ನೀನೇ ಕಾವಲಿ ಇಟ್ಟಿರ್ಬೇಕು. ನೆನಪು ಮಾಡ್ಕೋ."

ನಾನು ಹೇಳಿದ್ದು ಇಷ್ಟೇ. ಜಗಳಕ್ಕೆ ನಿಲ್ಲುತ್ತಾಳೆಂದುಕೊಂಡಿದ್ದೆ. ನಿಲ್ಲಲಿಲ್ಲ. ಕಲೆಯ ಮೇಲೆ ಬೆರಳಾಡಿಸುತ್ತ, "ಇಟ್ಟಿರ್ಬೌದು... ನಂಗೆ ಒಂಚೂರೂ ನೆನಪಿಲ್ವಲ್ಲ" ಎಂದಳು.

ಅವಳ ತಾಯಿ ಕೊನೆಗಾಲದಲ್ಲಿ ಹೆತ್ತ ಮಕ್ಕಳನ್ನೇ ಗುರುತಿಸುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ —

ಅಂದಿನಿಂದ ಸಾರಿಗೆ ಉಪ್ಪು ಹಾಕಿ, ಹಾಕಿದೆನೇ ಎಂದು ನನ್ನನ್ನು ಕೇಳತೊಡಗಿದಳು. ನೆಂಟರು ಬರುವರೆಂದರೆ ಒಬ್ಬಳೇ ಅಡುಗೆಗೆ ನಿಲ್ಲಲು ಅಂಜಿದಳು. ಕಲ್ಲು ಎಷ್ಟು ಬಿಸಿ ತಾಳುತ್ತದೆಂದು ತಿಳಿಯಲು ಅಷ್ಟು ಹಂಬಲಿಸಿದವನು, ಇವಳಿಗೆ ಏನಾಗುತ್ತಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದರೆ ಉತ್ತರ ಎಲ್ಲಿಗೆ ಬಂದು ನಿಲ್ಲುತ್ತದೆಂದು ಗೊತ್ತಿತ್ತಲ್ಲ.

ಹೀಗೇ ಎರಡು ವರ್ಷ ಕಳೆದವು. ಒಂದು ಸಂಜೆ ಲಲಿತಾ ಫೋನ್ ಮಾಡಿದಳು. "ಭಾವ, ಅಕ್ಕಂಗೆ ಏನೂ ಇಲ್ವಂತೆ. ಹೋದ ಸಲ ನಮ್ಮನೇಗೆ ಬಂದಾಗ ನಾನೇ ಕರ್ಕೊಂಡು ಹೋಗಿದ್ದೆ, ಶಿವಮೊಗ್ಗದ ಡಾಕ್ಟ್ರು ತಲೆ ಸ್ಕ್ಯಾನ್ ಎಲ್ಲ ಮಾಡ್ಸಿ ನೋಡಿದ್ರು. ಅಮ್ಮನ ಕಾಯ್ಲೆ ತನಗೂ ಬಂತು ಅಂತ ಒಳಗೊಳಗೇ ಬೇಯ್ತಿದ್ಲು. ನಿಮ್ಗೆ ಹೇಳಬೇಡ ಅಂದಿದ್ಲು..."

ಫೋನಿಟ್ಟು ಒಳಗೆ ಹೋದೆ. ಸುಮಿತ್ರಾ ಹುರುಳಿಕಾಯಿ ಸೋಸುತ್ತಿದ್ದಳು. ಎದುರು ಕೂತು ಎಲ್ಲವನ್ನೂ ಹೇಳಿದೆ — ಕಾವಲಿ ಕಾಯಿಸಿದ್ದು, ವಾಸನೆ, ಆ ಸುಳ್ಳು.

ಅವಳ ಕೈ ನಿಂತಿತು. "ಕಲ್ಲು ಹೋದ್ರೆ ಹೋಯ್ತು" ಎಂದಳು. "ನಾನು ಇಷ್ಟು ದಿನ ನನ್ನನ್ನೇ ನಂಬ್ಲಿಲ್ಲ ರೀ." ಅತ್ತಿದ್ದರೆ, ಬೈದಿದ್ದರೆ — ಅವಳು ಮತ್ತೆ ಕಾಯಿ ಸೋಸತೊಡಗಿದಳು.

ನಿಜ ಹೇಳಿದರೆ ಎಲ್ಲ ಸರಿಹೋಗುತ್ತದೆಂದುಕೊಂಡಿದ್ದೆ. ಮೊನ್ನೆ ಗುಡವಿಗೆ ಹಕ್ಕಿ ನೋಡಲು ಹೊರಟಿದ್ದೆವು. ಗೇಟಿನ ಹತ್ತಿರ ನಿಂತು, "ಗ್ಯಾಸ್ ಆರ್ಸಿದ್ನಾ?" ಎಂದಳು. ಆರಿಸಿದ್ದನ್ನು ನಾನೇ ನೋಡಿದ್ದೆ. ಹೇಳಲು ಬಾಯಿ ತೆರೆದೆ. ಆದರೆ ನನ್ನ ಮಾತನ್ನು ಅವಳು ಯಾವ ಧೈರ್ಯದ ಮೇಲೆ ನಂಬಬೇಕು?

"ಹೋಗಿ ನೋಡಿ ಬಾ. ನಾನು ಕಾಯ್ತೀನಿ" ಎಂದೆ.