ಪೆಟ್ರೋಲ್ ಮುಚ್ಚಳದೊಳಗಿನ ಮಲ್ಲಿಗೆ

ಬೆಳಗಿನ ಐದು ಗಂಟೆ. ಸಿಂಧನೂರಿನ ಅಕ್ಕಿ ಗಿರಣಿಗಳ ಹಿಂದಿನ ತಗಡಿನ ಶೆಡ್ಡಿನ ಮುಂದೆ ಮೀರಾಬಿ ಮೊದಲು ನೋಡುವುದು ಕಾರನ್ನಲ್ಲ, ಗಿರಣಿಯ ಚಿಮಣಿಯನ್ನು. ಹೊಗೆ ಇಲ್ಲ. ಮೂಗಿಗೆ ಹಳೆಯ ದುಪಟ್ಟಾ ಕಟ್ಟಿಕೊಂಡು ಬಣ್ಣದ ಗನ್ ಎತ್ತಿಕೊಳ್ಳುತ್ತಾರೆ.

"ಗಿರಣಿ ಭಟ್ಟಿ ಆರಕ್ಕ ಹಚ್ತಾರ. ಅಷ್ಟರಾಗ ಗಾಡಿ ಟಾಪು ಒಣಗಬೇಕು. ಚಾ ಆಮ್ಯಾಲ ಕುಡಿಯೂಣಂತ, ನೀವು ಕಂಪ್ರೆಸರ್ ಹಚ್ರಿ," ಎಂದು ಗಂಡ ಆಸೀಫ್ ಅವರಿಗೆ ಹೇಳುತ್ತಾರೆ.

ಕಾರು ಮಸ್ಕಿಯ ಶಾಲಾ ಶಿಕ್ಷಕಿ ಸಂಘಮಿತ್ರಾ ಅವರದು. ಹದಿನೆಂಟು ವರ್ಷದ ಸಣ್ಣ ಗಾಡಿ. ಬಿಸಿಲಿಗೆ ಬಿಳಿಚಿದ್ದ ಕೆಂಪನ್ನು ಮೀರಾಬಿ ಎರಡು ದಿನ ಉಜ್ಜಿ ಎಬ್ಬಿಸಿದ್ದಾರೆ. ಮಬ್ಬಾಗಿದ್ದ ಹೆಡ್‌ಲೈಟು ತಿಳಿಯಾಗಿದೆ, ಗಾಲಿಗಳು ಕಪ್ಪಾಗಿವೆ. ಮುಂಭಾಗದ ಕೆಳಗೆ ರೇಸಿನ ಗಾಡಿಗಿರುವಂಥ, ತುಟಿಯ ಹಾಗೆ ಚಾಚಿದ ಅಂಚು ಬಂದಿದೆ; ಅದು ಗಿರಣಿಯವರು ಎಸೆದ ರಬ್ಬರ್ ಬೆಲ್ಟಿನ ತುಂಡು. ಎಲ್ಲ ಸೇರಿ ಒಂಬತ್ತು ಸಾವಿರದೊಳಗೆ ಮುಗಿಯುತ್ತದೆ. ಉಳಿದಿರುವುದು ಟಾಪಿಗೆ, ಅಂದರೆ ಕಾರಿನ ಛಾವಣಿಗೆ, ಹೊಳೆಯುವ ಕಪ್ಪು. ಕಪ್ಪು ಹೊಡೆಯುವ ದಿನ ಮೀರಾಬಿ ಚಿಮಣಿ ನೋಡದೆ ಗನ್ ಮುಟ್ಟುವುದಿಲ್ಲ.

ಮದುವೆಗೆ ಮುಂಚೆ ತವರಿನಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳಿಗೆ ಹೂಬಳ್ಳಿ ಬರೆಯುತ್ತಿದ್ದ ಕೈ ಅದು. ಆರು ವರ್ಷದ ಹಿಂದೆ ಮೊದಲ ಕಾರು ಸಿಕ್ಕಿತು, ಹಟ್ಟಿ ಗಣಿಯ ಕಾರ್ಮಿಕ ಪಂಪಣ್ಣನದು. ಮಧ್ಯಾಹ್ನ ಬಾನೆಟ್ಟಿಗೆ ಕಪ್ಪು ಹೊಡೆದು ಊಟಕ್ಕೆ ಕುಳಿತರು. ಗಿರಣಿಯ ಭಟ್ಟಿಯಿಂದ ಹಾರಿದ ಹೊಟ್ಟಿನ ಬೂದಿ ಹಸಿ ಬಣ್ಣದ ಮೇಲೆ ಕೂತು, ಬಾನೆಟ್ಟಿನ ತುಂಬ ಗುಳ್ಳೆಗಳೆದ್ದವು.

"ಏನವ್ವಾ, ನನ್ನ ಗಾಡಿಗೆ ಸಿಡುಬು ಎಬ್ಬಿಸೀಯಲ್ಲ," ಎಂದ ಪಂಪಣ್ಣ.

ನಾಲ್ಕು ದಿನ ತಿಕ್ಕಿ ಮತ್ತೆ ಹೊಡೆದುಕೊಟ್ಟರೂ ಮಾತು ಹೋಗಲಿಲ್ಲ. ಲಿಂಗಸುಗೂರಿನವರೆಗೂ ಅವರು "ಸಿಡುಬಿನ ಮೀರಾಬಿ". ಅಂದಿನಿಂದ ನಸುಕಿನಲ್ಲೇ ಕೆಲಸ. ನೂರಕ್ಕೂ ಹೆಚ್ಚು ಕಾರುಗಳು ಚೊಕ್ಕವಾಗಿ ಹೋಗಿವೆ. ಆದರೆ ಚೊಕ್ಕವಾದದ್ದೆಲ್ಲ ಆಸೀಫ್ ಅವರ ಕೈಚಳಕವೆಂದು ಜನ ಅಂದುಕೊಂಡರು. ಹಾಗಾಗಿ ಮೀರಾಬಿ ಪ್ರತಿ ಕಾರಿನ ಪೆಟ್ರೋಲ್ ಮುಚ್ಚಳದ ಒಳಗೆ, ಹೊರಗೆ ಕಾಣದಂತೆ, ತಮ್ಮ ಕೈಯ ಗುರುತಾಗಿ ಒಂದು ಸಣ್ಣ ಮಲ್ಲಿಗೆ ಬರೆಯುತ್ತಾರೆ.

ಸಂಘಮಿತ್ರಾ ಅವರಿಗೂ ಶಾಲೆಯ ಸಹೋದ್ಯೋಗಿಗಳು ಈ ಅಡ್ಡಹೆಸರು ಹೇಳಿ ಹೆದರಿಸಿದ್ದರು. ಅವರು ನೇರವಾಗಿ ಹೇಳಿಯೇ ಕೀಲಿಕೈ ಕೊಟ್ಟಿದ್ದರು: "ಒಂದು ಚುಕ್ಕಿ ಕಂಡ್ರೂ ಕಾರು ಗುಜರಿಗೆ ಹೋಗ್ತದ ನೋಡ್ರಿ ಆಪಾ. ನಿಮ್ಮ ಹೆಸರೂ ಅದರ ಜೋಡಿ ಹೋಗ್ತದ."

ಐದೂಮುಕ್ಕಾಲು. ಕೊನೆಯ ಕೋಟು ಮುಗಿದಿದೆ, ಇನ್ನೂ ಹಸಿ. ಅಷ್ಟರಲ್ಲಿ ಚಿಮಣಿ ಹೊಗೆ ಬಿಡುತ್ತದೆ. ಭತ್ತದ ಸುಗ್ಗಿ, ಇವತ್ತು ಭಟ್ಟಿ ಬೇಗ ಹಚ್ಚಿದ್ದಾರೆ. ಮೀರಾಬಿ ಕೂಗಾಡುವುದಿಲ್ಲ. ಕಾರಿನಿಂದ ದೂರ ಹೋಗಿ ಒಂದು ಹಿಡಿ ಹೊಟ್ಟು ತೂರಿ ಗಾಳಿಯ ದಿಕ್ಕು ನೋಡುತ್ತಾರೆ.

"ಗಾಳಿ ಕಾಲುವಿ ಕಡಿಂದ ಬರಾಕತ್ತೈತಿ. ಗಾಡಿ ಆ ಕಡೆ ದಬ್ಬೂಣು ಬರ್ರಿ. ಮ್ಯಾಲ ಕೈ ಹಚ್ಚಿದ್ರ ಇವತ್ತು ರೊಟ್ಟಿ ಇಲ್ಲ ನಿಮಗ."

"ರೊಟ್ಟಿ ಇರ್ಲಿ, ನಡಾ ಉಳಿದ್ರ ಸಾಕು," ಎನ್ನುತ್ತಾ ಆಸೀಫ್ ಬಂಪರ್ ಹಿಡಿಯುತ್ತಾರೆ.

ಗಂಡಹೆಂಡತಿ ಇಬ್ಬರೇ ಕಾರನ್ನು ಗಿರಣಿಯ ಗೋಡೆ ದಾಟಿಸಿ ಕಾಲುವೆಯ ದಂಡೆಯವರೆಗೆ ತಳ್ಳುತ್ತಾರೆ. ಬೂದಿ ಅವರ ಬೆನ್ನ ಹಿಂದೆ, ಖಾಲಿ ಶೆಡ್ಡಿನ ಮೇಲೆ ಸುರಿಯುತ್ತದೆ.

ಒಂಬತ್ತರ ಬಸ್ಸಿಗೆ ಸಂಘಮಿತ್ರಾ ಬರುತ್ತಾರೆ. ಕಾರಿನ ಸುತ್ತ ಎರಡು ಸುತ್ತು ಹಾಕಿ, ತುದಿಗಾಲಲ್ಲಿ ನಿಂತು ಟಾಪಿಗೆ ಕಣ್ಣು ಹಚ್ಚಿ ನೋಡುತ್ತಾರೆ. ಕಪ್ಪಿನಲ್ಲಿ ಕಾಣುವುದು ಅವರ ಮುಖ, ಅದರ ಹಿಂದೆ ಆಕಾಶ.

"ಆಪಾ, ಇದು ನನ್ನ ಗಾಡೀನ ಹೌದಾ?"

"ನಂಬರ್ ಪ್ಲೇಟ್ ನೋಡ್ಕೊರಿ ಮತ್ತ."

ಹೊರಡುವ ಮುಂಚೆ, ಒಳಗೂ ಚುಕ್ಕಿ ಇದೆಯೇ ಎಂದು ಪೆಟ್ರೋಲ್ ಮುಚ್ಚಳ ತೆರೆದ ಸಂಘಮಿತ್ರಾ ಮಲ್ಲಿಗೆಯನ್ನು ಕಾಣುತ್ತಾರೆ. ಏನೆಂದು ಕೇಳಿ ತಿಳಿದು, ಹಟ ಹಿಡಿಯುತ್ತಾರೆ: ಹೂವು ಹಿಂದಿನ ಡಿಕ್ಕಿ ಬಾಗಿಲ ಮೇಲೆ ಬರಬೇಕು, ಕೆಳಗೆ ಮೀರಾಬಿಯ ಹೆಸರೂ ಬೇಕು. ಮೀರಾಬಿ ಬಿಳಿ ಬಣ್ಣದ ಡಬ್ಬಿ ತರುತ್ತಾರೆ. ಟ್ರೇಲರಿಗೆ ಬಳ್ಳಿ ಬರೆದ ಅದೇ ಕೈ, ಒಂದೂ ಗೆರೆ ಅಳುಕುವುದಿಲ್ಲ.

ಕಾರು ಮಸ್ಕಿ ರಸ್ತೆಗೆ ತಿರುಗುವವರೆಗೆ ನೋಡುತ್ತ ನಿಂತ ಮೀರಾಬಿ ಆಸೀಫ್ ಅವರಿಗೆ ಹೇಳುತ್ತಾರೆ, "ಇಷ್ಟು ದಿನ ಪೆಟ್ರೋಲ್ ಹಾಕಾವ್ರು ಅಷ್ಟ ನೋಡ್ತಿದ್ರು. ಇನ್ನ ಹಿಂದ ಬರೋ ಲಾರಿಯವ್ರೂ ಓದ್ಲಿ."