ಯೇಸುಸ್ವಾಮಿಯ ಮೇಲೆ ಹೊಟ್ಟೆಕಿಚ್ಚು

ಜನ ನೆರೆಮನೆಯವರ ಮೇಲೆ ಹೊಟ್ಟೆಕಿಚ್ಚು ಪಡುತ್ತಾರೆ, ಓರಗಿತ್ತಿಯ ಮೇಲೆ ಪಡುತ್ತಾರೆ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕವನ ಮೇಲೂ ಪಡುತ್ತಾರೆ. ಯೇಸುಸ್ವಾಮಿಯ ಮೇಲೇ ಹೊಟ್ಟೆಕಿಚ್ಚು ಪಟ್ಟವನನ್ನು ಕಂಡಿದ್ದೀರಾ? ನಮ್ಮ ಬೀದಿಯಲ್ಲೊಬ್ಬನಿದ್ದ, ಕ್ಷೌರದಂಗಡಿಯ ದೊಡ್ಡ ಕತ್ತರಿ. ನಾಸ್ತಿಕನೇನಲ್ಲ, ಭಾನುವಾರ ತಪ್ಪದೆ ಸಭೆಗೆ ಹೋಗಿ, ಮುಂದಿನ ಬೆಂಚಿನಲ್ಲಿ ಕೂತು, ಹಿಂದಿನ ಬೆಂಚಿನವರಿಗೂ ಸೇರಿಸಿ ಜೋರಾಗಿ ಪ್ರಾರ್ಥಿಸುವ ಭಕ್ತ.

ಅಣ್ಣ ದೊಡ್ಡ ಕತ್ತರಿಯಾದರೆ ತಮ್ಮ ಸಣ್ಣ ಕತ್ತರಿ. ಅಪ್ಪ ಬಿಟ್ಟುಹೋದದ್ದು ಒಂದು ಅಂಗಡಿ, ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದೇ ಕನ್ನಡಿ. ಹೀಗಿರುವಾಗ ತಮ್ಮನ ಎರಡೂ ಕಿಡ್ನಿ ಕೈಕೊಟ್ಟವು. ಮುಖ ಊದಿಕೊಂಡು ಕುಂಬಳಕಾಯಿಯಾಯಿತು. ಅಣ್ಣ ಹಿಂದೆಮುಂದೆ ನೋಡಲಿಲ್ಲ. "ನಂದೊಂದು ತೆಗೀರಿ ಡಾಕ್ಟ್ರೇ" ಎಂದು ಅಲ್ಲೇ ಶರ್ಟು ಬಿಚ್ಚಲು ಹೊರಟ. ಈ ಒಂದು ವಿಷಯದಲ್ಲಿ ತಮಾಷೆ ಸಲ್ಲದು. ಅವತ್ತು ಅವನು ಕೊಟ್ಟದ್ದು ಮನಸಾರೆ. ಫಜೀತಿ ಶುರುವಾದದ್ದು ಹೊಲಿಗೆ ಬಿಚ್ಚಿದ ಮೇಲೆ.

ಆ ಗಾಯದ ಗುರುತು ನೋಡದವರು ಊರಿನಲ್ಲಿ ಉಳಿಯಲಿಲ್ಲ. ಗಿರಾಕಿಯ ಗಲ್ಲಕ್ಕೆ ನೊರೆ ಬಳಿದು, ಕತ್ತಿಯನ್ನು ಗಂಟಲ ಹತ್ತಿರ ತಂದು, "ತೋರಿಸ್ಲಾ?" ಎನ್ನುತ್ತಿದ್ದ. ಆ ಸ್ಥಿತಿಯಲ್ಲಿ ಬೇಡ ಎನ್ನುವ ಗಂಡಸು ಇನ್ನೂ ಹುಟ್ಟಿಲ್ಲ. ಮೊದಮೊದಲು ಗೇಣುದ್ದವಿದ್ದ ಗುರುತು ಅವನ ಬಾಯಲ್ಲಿ ಬೆಳೆಯುತ್ತಾ ಬೆನ್ನು ಸುತ್ತಿ ಬಂದು ಹೊಕ್ಕುಳ ಮುಟ್ಟಿತು. ಹಾಗೇ ಬಿಟ್ಟಿದ್ದರೆ ಪಕ್ಕದ ಸೈಕಲ್ ಅಂಗಡಿಗೂ ನುಗ್ಗುತ್ತಿತ್ತು.

ಕೊಟ್ಟುಬಿಟ್ಟ ಕಿಡ್ನಿಯನ್ನು ಅವನು "ನನ್ನ ಕಿಡ್ನಿ" ಎಂದೇ ಕರೆಯುತ್ತಿದ್ದ. ತಮ್ಮ ಮಧ್ಯಾಹ್ನ ಊಟದ ಡಬ್ಬಿ ತೆರೆದರೆ ಕನ್ನಡಿಯಲ್ಲಿ ಅಣ್ಣನ ಕಣ್ಣು.

"ಉಪ್ಪು ಯಾಕೋ ಮೇಲೆ ಹಾಕ್ಕೊಳ್ತೀಯ? ನನ್ನ ಕಿಡ್ನಿ ಕಣೋ ಅದು."

"ಚಿಟಿಕೆ ಅಷ್ಟೇ ಅಣ್ಣ."

"ನೀರು ಕುಡಿ. ನನ್ನ ಕಿಡ್ನಿ ಒಣಗ್ತಿದೆ."

"ಗಿರಾಕಿ ಕೂತಿದ್ದಾರೆ ಅಣ್ಣ, ಕತ್ತರಿ ಕೈಲಿದೆ."

"ಇರ್ಲಿ, ಬೇಡ ಅಂದ್ನಾ? ನಾನಿಲ್ದಿದ್ರೆ ಆ ಕತ್ತರಿ ಹಿಡಿಯೋಕೆ ಕೈ ಎಲ್ಲಿರ್ತಿತ್ತು?"

ತಮ್ಮ ಕತ್ತರಿ ಕೆಳಗಿಟ್ಟು ನೀರು ಕುಡಿಯುತ್ತಿದ್ದ.

ಮೈ ಚೇತರಿಸಿಕೊಂಡ ತಮ್ಮ ಸಭೆಯಲ್ಲಿ ಎದ್ದು, ದೇವರು ತನಗೆ ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವ ಭಾನುವಾರ ಬಂತು. ದೊಡ್ಡ ಕತ್ತರಿ ಹೊಸ ಶರ್ಟು ತೊಟ್ಟ. ತನ್ನ ಹೆಸರು ಬಂದಾಗ ವಿನಯದಿಂದ ಎದ್ದು ಕೈಮುಗಿಯುವುದನ್ನೂ ಕನ್ನಡಿ ಮುಂದೆ ಕಲಿತುಕೊಂಡ. ತಮ್ಮ ಎದ್ದು ನಿಂತು ಇಷ್ಟೇ ಹೇಳಿದ:

"ಯೇಸುಸ್ವಾಮಿ ನನಗೋಸ್ಕರ ಪ್ರಾಣ ಕೊಟ್ರು. ಇವನು ಯೋಗ್ಯನಾ ಅಂತ ನೋಡ್ಲಿಲ್ಲ. ನಾನು ಎಷ್ಟೋ ಸಲ ಮರೆತುಬಿಟ್ಟೆ, ಆದ್ರೂ ಕೊಟ್ಟಿದ್ದನ್ನ ವಾಪಸ್ ಕೇಳ್ಲಿಲ್ಲ. ಅವರಿಗೆ ಸ್ತೋತ್ರ."

ಕೂತುಬಿಟ್ಟ. ಸಭೆ "ಆಮೆನ್" ಎಂದ ರಭಸಕ್ಕೆ ಸೂರಿನ ಪಾರಿವಾಳಗಳು ಊರು ಬಿಟ್ಟವು. ಅಷ್ಟರಲ್ಲಿ ದೊಡ್ಡ ಕತ್ತರಿ ಅರ್ಧ ಎದ್ದಿದ್ದ. ಕೂರಲೂ ಆಗದೆ ನಿಲ್ಲಲೂ ಆಗದೆ ಹಾಗೇ ಬಾಗಿಕೊಂಡಿದ್ದ. ಪಕ್ಕದವರು ಪಾಪ ಸೊಂಟ ಹಿಡಿದುಕೊಂಡಿದೆ ಎಂದುಕೊಂಡರು. ಹಿಡಿದದ್ದು ಸೊಂಟವಲ್ಲ. ಕಿಡ್ನಿ ಹೋಗಿ ಖಾಲಿಯಾಗಿದ್ದ ಜಾಗದಲ್ಲಿ ಒಲೆ ಹತ್ತಿಕೊಂಡಿತ್ತು. ಮನೆಗೆ ನಡೆಯುವಾಗ ಆ ಝಳಕ್ಕೆ ಬೀದಿಯಲ್ಲಿ ಒಣಹಾಕಿದ್ದ ಬಟ್ಟೆಗಳೆಲ್ಲ ಗರಿಗರಿಯಾದವಂತೆ.

ಮನೆಯಲ್ಲಿ ಹೆಂಡತಿ ಅಂಗಡಿಯ ಟವೆಲುಗಳನ್ನು ಮಡಚುತ್ತಿದ್ದಳು. ಇವನು ಶುರು ಮಾಡಿದ:

"ಅವರು ಊರಿಗೆಲ್ಲ ಸೇರಿಸಿ ಕೊಟ್ರು. ನಾನು ಇವನೊಬ್ಬನಿಗೇ ಅಂತ ಕೊಟ್ಟೆ. ನನ್ನ ಬಗ್ಗೆ ಒಂದು ಮಾತು ಆಡಿದ್ರೆ ಇವನ ನಾಲಿಗೆ ಸವೆದು ಹೋಗ್ತಿತ್ತಾ?"

"ರೀ, ಹೋಗಿ ಹೋಗಿ ಯೇಸುಸ್ವಾಮಿ ಜೊತೆ ಪೈಪೋಟಿಗೆ ನಿಂತ್ರಾ?"

"ಪೈಪೋಟಿ ಅಲ್ವೇ. ಅವರೂ ಸಮಾಧಿಯಿಂದ ಎದ್ದು ಬಂದ ಮೇಲೆ ಶಿಷ್ಯರಿಗೆ ಗಾಯ ತೋರಿಸಿದ್ರು ತಾನೇ? ಅವರು ತೋರಿಸಿದ್ರೆ ಸ್ತೋತ್ರ, ನಾನು ತೋರಿಸಿದ್ರೆ ಜಂಬಾನಾ?"

ಹೆಂಡತಿ ಒಂದು ಟವೆಲು ಪಟ್ಟನೆ ಕೊಡವಿದಳು. "ಶಿಷ್ಯರು ಬಾಗಿಲು ಹಾಕ್ಕೊಂಡು ಹೆದರಿ ಕೂತಿದ್ರು. ಭಯ ಹೋಗ್ಲಿ ಅಂತ ಅವರು ತೋರಿಸಿದ್ರು. ನೀವು ಭಯ ಇರ್ಲಿ ಅಂತ ತೋರಿಸ್ತೀರಿ."

"ನೀನೂ ಅವರ ಕಡೆನೇ ಅನ್ನು."

"ಮದುವೆಗೆ ಮುಂಚಿಂದ."

ವಾರವಿಡೀ ಅವನು ತಮ್ಮನಿಗೆ ಬೆನ್ನು ಹಾಕಿಯೇ ಕೆಲಸ ಮಾಡಿದ. ಶನಿವಾರ ನೋಡಿದರೆ ತಮ್ಮ ತನ್ನ ಬಾಚಣಿಗೆ, ಬ್ರಷ್ಷುಗಳನ್ನು ಚೀಲಕ್ಕೆ ತುಂಬುತ್ತಿದ್ದ.

"ಏನೋ ಇದು?"

"ಸ್ಟೇಷನ್ ಹತ್ರದ ಅಂಗಡೀಲಿ ಒಂದು ಕುರ್ಚಿ ಖಾಲಿ ಇದೆಯಂತೆ. ಸೋಮವಾರದಿಂದ ಅಲ್ಲಿಗೆ ಹೋಗ್ತೀನಿ."

"ಹೋಗ್ತೀಯಾ? ನನ್ನ ಕಿಡ್ನಿ ಇಟ್ಕೊಂಡು ಹೋಗ್ತೀಯಾ?"

"ಅದಕ್ಕೇ ಅಣ್ಣ ಹೋಗ್ತಿರೋದು," ಎಂದ ತಮ್ಮ. ದನಿ ಏರಲಿಲ್ಲ. "ನನ್ನ ಮೈಯೊಳಗೇ ನಾನು ಬಾಡಿಗೆಗಿದ್ದ ಹಾಗಿದೆ. ನೀನು ಮಾಡಿದ್ದನ್ನ ಹೇಳ್ಬೇಕು ಅಂತ ಎಷ್ಟು ಸಲ ಬಾಯಿ ತೆಗೆದೆ ಗೊತ್ತಾ? ಅಷ್ಟರಲ್ಲಿ ನೀನೇ ಹೇಳಿ ಮುಗಿಸಿರ್ತಿದ್ದೆ. ನನಗೆ ಹೇಳೋಕೆ ಏನು ಬಿಟ್ಟೆ?"

ದೊಡ್ಡ ಕತ್ತರಿ ಆಗಲೇ ಒರೆಸಿದ್ದ ಕನ್ನಡಿಯನ್ನು ಮತ್ತೆ ಒರೆಸತೊಡಗಿದ.

ಮರುದಿನ ಸಭೆಯಲ್ಲಿ ಪ್ರಭುಭೋಜನವಿತ್ತು, ಯೇಸುಸ್ವಾಮಿ 'ಇದು ನನ್ನ ದೇಹ' ಎಂದು ಕೊಟ್ಟ ರೊಟ್ಟಿಯನ್ನು ನೆನೆದು ಎಲ್ಲರೂ ತಿನ್ನುವ ಊಟ. ಹೋಗುವುದೇ ಬೇಡ ಎಂದುಕೊಂಡವನು ಹೋಗಿ ಹಿಂದಿನ ಬೆಂಚು ಹಿಡಿದ. ಪಾದ್ರಿಗಳು ರೊಟ್ಟಿ ಮುರಿದು ಸಾಲಿನಲ್ಲಿ ಒಬ್ಬೊಬ್ಬರಿಗೆ ಕೊಡತೊಡಗಿದರು. ಇದುವರೆಗೆ ಕಣ್ಣು ಮುಚ್ಚಿ ತಿಂದಿದ್ದವನು ಅವತ್ತು ಹೊಟ್ಟೆಕಿಚ್ಚಿನಿಂದ ಕಣ್ಣು ಬಿಟ್ಟುಕೊಂಡೇ ನೋಡಿದ, ಯಾರ್‍ಯಾರಿಗೆ ಸಿಗುತ್ತಿದೆ ಎಂದು. ಬೀದಿಯನ್ನೆಲ್ಲ ಬೈಯುವ ತರಕಾರಿಯವಳು ಕೈ ಒಡ್ಡಿದಳು, ಸಿಕ್ಕಿತು. ಸಭೆಯ ಬಾಗಿಲಿನಿಂದಲೇ ಯಾರದೋ ಛತ್ರಿ ಎತ್ತಿಕೊಂಡು ಹೋಗಿದ್ದ ಗಡಿಯಾರ ರಿಪೇರಿಯವನು ಒಡ್ಡಿದ, ಅವನಿಗೂ ಸಿಕ್ಕಿತು. ತಮ್ಮನಿಗೆ ಸಿಕ್ಕಿತು. ಕೊಟ್ಟದ್ದು ಯಾರು ನೆನಪಿದೆಯಾ ಎಂದು ಯಾರೂ ಯಾರನ್ನೂ ಗದರಿಸಲಿಲ್ಲ. ತಿಂದ ತುಂಡು ತಿಂದವರ ಮೈಯಾಯಿತು. ಇನ್ನು ಅದನ್ನು ಬೇರೆ ಮಾಡಿ ತೆಗೆಯುವಂತಿಲ್ಲ. ಶಿಲುಬೆಯ ಮೇಲೆ ಒಂದೇ ಸಲ ಕೊಟ್ಟದ್ದು ಇಷ್ಟು ಕಾಲವಾದರೂ ಹಳಸದೆ, ಮುಗಿಯದೆ, ಬಂದವರಿಗೆಲ್ಲ ಇಡಿಯಾಗಿ ಸಿಗುತ್ತಿರುವುದು ಕೊಟ್ಟವರು ಅದನ್ನು ಹಿಡಿದುಕೊಳ್ಳದೆ ಬಿಟ್ಟುಕೊಟ್ಟಿದ್ದರಿಂದ. ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. ತಾನು ಕಿಡ್ನಿಯನ್ನು ಡಾಕ್ಟರ ಕೈಗೆ ಕೊಟ್ಟಿದ್ದನೇ ಹೊರತು ತಮ್ಮನಿಗೆ ಇನ್ನೂ ಕೊಟ್ಟೇ ಇರಲಿಲ್ಲ.

"ನಿನಗೋಸ್ಕರ," ಎಂದು ಪಾದ್ರಿಗಳು ಅವನ ಅಂಗೈಗೂ ಒಂದು ತುಂಡು ಇಟ್ಟರು. ಹೊಟ್ಟೆಕಿಚ್ಚು ಆರಿತೆಂದುಕೊಳ್ಳಬೇಡಿ, ಇನ್ನೂ ಜಾಸ್ತಿಯಾಯಿತು. ಮೊದಲು ಯೇಸುಸ್ವಾಮಿಗೆ ಸಿಗುವ ಸ್ತೋತ್ರದ ಮೇಲಿತ್ತು. ಈಗ ಹೀಗೆ ಕೊಡಲು ಅವರಿಗೆ ಬಂತಲ್ಲ, ತನಗೆ ಬರಲಿಲ್ಲವಲ್ಲ ಎಂದು. ರೊಟ್ಟಿಯ ಜೊತೆ ಅದನ್ನೂ ನುಂಗಿ, ತೋಳಿನಿಂದ ಕಣ್ಣೊರೆಸಿಕೊಂಡ.

ಸೋಮವಾರ ತಮ್ಮ ಹೊರಟ. ಅಣ್ಣ ತಡೆಯಲಿಲ್ಲ. ಅಪ್ಪನ ಕಾಲದ ಒಳ್ಳೆಯ ಕತ್ತಿಯನ್ನು ಅವನ ಚೀಲಕ್ಕೆ ಹಾಕಿ, "ಹೋಗಿ ಬಾ," ಎಂದ. ನಾಲಿಗೆ ಕಚ್ಚಿಕೊಂಡು ನಿಂತಿದ್ದರಿಂದ ಮಾತು ತೊದಲಿತು.

ಕೆಲವು ವಾರ ಬಿಟ್ಟು ಸ್ಟೇಷನ್ ಹತ್ತಿರದ ಅಂಗಡಿಗೆ ಅವನೇ ಗಿರಾಕಿಯಾಗಿ ಹೋದ. ತಮ್ಮ ಕುರ್ಚಿ ಒರೆಸಿ ಕೂರಿಸಿದ. ಪಕ್ಕದ ಕುರ್ಚಿಯ ಮುದುಕರು ಕೇಳಿದರು, "ಯಾರಪ್ಪಾ ಇವರು?"

"ನಮ್ಮಣ್ಣ."

ಅಷ್ಟೇ. ದೊಡ್ಡ ಕತ್ತರಿಯ ಗಂಟಲಿನವರೆಗೆ ಒಂದು ಮಾತು ರೈಲಿನಂತೆ ನುಗ್ಗಿ ಬಂತು. ಬೆವರಿದ, ಕುರ್ಚಿಯ ಕೈಹಿಡಿ ಕಿತ್ತುಬರುವಂತೆ ಹಿಡಿದ, ತಡೆದ.

"ಅಣ್ಣ," ತಮ್ಮ ಬಾಗಿ ಮೆಲ್ಲಗೆ ಶುರು ಮಾಡಿದ. "ಅವತ್ತು ಆಸ್ಪತ್ರೇಲಿ ನೀನು..."

ಅಲ್ಲಿಗೆ ಮಾತು ನಿಂತಿತು. ಮುಂದಿನದು ಏನೆಂದು ಅಣ್ಣನಿಗೆ ಬಾಯಿಪಾಠ. ಆದರೂ ಹೇಳಿಕೊಡಲಿಲ್ಲ. ಕಣ್ಣು ಮುಚ್ಚಿ, ತಮ್ಮನಿಗೆ ಮಾತು ಸಿಗುವವರೆಗೂ ಕಾದ.